‘ಬೆಳವಣಿಗೆಯ ಎಲ್ಲೆಗಳು’: ಒಂದು ಪುನರ್ವಿಮರ್ಶೆ

‘ದಿ ಲಿಮಿಟ್ಸ್ ಟು ಗ್ರೋತ್’ ಎಂಬ ಗ್ರಂಥವು 1972ನೆಯ ಇಸವಿಯ ಮಾರ್ಚ್ ತಿಂಗಳಿನಲ್ಲಿ ಅಮೆರಿಕದಲ್ಲಿ ಪ್ರಕಟವಾಯಿತು. ‘ಬೆಳವಣಿಗೆಯ ಎಲ್ಲೆಗಳು’ ಎಂದು ಅದರ ಹೆಸರನ್ನು ನಾವು ಕನ್ನಡಿಸಿಕೊಳ್ಳಬಹುದು. ಇನ್ನೂರು ಪುಟಗಳನ್ನು ಸ್ವಲ್ಪವೇ ಮೀರಿದ ಈ ಪುಸ್ತಕವು ಸುಮಾರು ಮೂವತ್ತು ಭಾಷೆಗಳಿಗೆ ಅನುವಾದಗೊಂಡು, ಲಕ್ಷಗಟ್ಟಲೆ ಪ್ರತಿಗಳು ಮಾರಾಟವಾಗಿ, ಅರ್ಥಶಾಸ್ತ್ರಜ್ಞರ ಕೋಪಕ್ಕೂ ನಿಸರ್ಗಪ್ರೇಮಿಗಳ ಭಕ್ತಿಗೂ ಸಮಾನವಾಗಿ ಪಾತ್ರವಾಯಿತು. ಕೋಪ ಭಕ್ತಿಗಳೆರಡೂ ಈಗ ತಣ್ಣಗಾಗಿವೆ. ಆದರೆ ಗ್ರಂಥದ ಹೆಸರು ಮಾತ್ರ ನಮ್ಮ ತರಗತಿಗಳಲ್ಲಿ ಇನ್ನೂ ಓಡಾಡುತ್ತಿದೆ. ಸರ್ವೋಚ್ಚ ನ್ಯಾಯಾಲಯವು 1991ರಲ್ಲಿ ಇತ್ತ ನಿರ್ದೇಶನದ ಫಲವಾಗಿ ಪರಿಸರ ಅಧ್ಯಯನವು ಪದವಿ ತರಗತಿಗಳಲ್ಲಿ ಕಡ್ಡಾಯವಾದ ವಿಷಯವಾದ ಮೇಲೆ, ಈ ಗ್ರಂಥವನ್ನು ಕಣ್ಣಿನಿಂದ ನೋಡದವರೂ ಅದರ ‘ಭವಿಷ್ಯವಾಣಿ’ಯನ್ನು ಒಂದು ವಾಕ್ಯದಲ್ಲಿ ಹೇಳಬಲ್ಲವರಾಗಿದ್ದಾರೆ. ಆ ವಾಕ್ಯ ಎರಡು ಬಗೆ: ‘ಅವರು ಹೇಳಿದಂತೆಯೇ ಆಗುತ್ತಿದೆ’ ಎಂಬುದು ಒಂದು, ‘ಅವರು ಹೇಳಿದ್ದು ಸುಳ್ಳಾಯಿತು’ ಎಂಬುದು ಇನ್ನೊಂದು. ಎರಡೂ ಗ್ರಂಥವನ್ನು ಓದದೆ ಕೊಟ್ಟ ತೀರ್ಪುಗಳೆಂದು ನಮಗೆ ತೋರುತ್ತದೆ. ಅದನ್ನು ಗ್ರಂಥವಾಗಿಯೇ, ಅಂದರೆ ಅದರ ಮಾತು, ಉಪಮೆ, ಪಟ್ಟಿ, ನಕ್ಷೆಗಳನ್ನು ಒಂದರ ಪಕ್ಕದಲ್ಲೊಂದನ್ನು ಇಟ್ಟು ಓದುವುದು ಪ್ರಕೃತ ಲೇಖನದ ಉದ್ದೇಶ.

ಗ್ರಂಥದ ಹುಟ್ಟನ್ನು ಸಂಕ್ಷೇಪವಾಗಿ ಹೇಳಿ ಮುಂದುವರಿಯುತ್ತೇವೆ. ಇಟಲಿಯ ಉದ್ಯಮಿ ಔರೇಲಿಯೋ ಪೆಚ್ಚೇಯಿ ಮೊದಲಾದವರು 1968ರಲ್ಲಿ ‘ರೋಮ್ ಕ್ಲಬ್’ ಎಂಬ ಒಂದು ಮಂಡಲಿಯನ್ನು ಕಟ್ಟಿದರು. ಮಾನವಕುಲದ ಸಂಕಟಗಳು ಒಂದಕ್ಕೊಂದು ಹೆಣೆದುಕೊಂಡಿವೆ, ಅವುಗಳನ್ನು ಬಿಡಿಬಿಡಿಯಾಗಿ ನೋಡಿ ಪ್ರಯೋಜನವಿಲ್ಲ ಎಂಬುದು ಆ ಮಂಡಲಿಯ ಮತ. ಮಸಾಚುಸೆಟ್ಸ್ ತಂತ್ರವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕ ಜೇ ಫಾರೆಸ್ಟರ್ ಅವರು ಕಾರ್ಖಾನೆ ಮತ್ತು ನಗರಗಳ ಏರಿಳಿತವನ್ನು ಗಣಕಯಂತ್ರದಲ್ಲಿ ಅನುಕರಿಸಿ ನೋಡುವ ಒಂದು ವಿಧಾನವನ್ನು ರೂಪಿಸಿದ್ದರು. ಅದನ್ನು ಇಡೀ ಪ್ರಪಂಚಕ್ಕೆ ಅನ್ವಯಿಸುವ ಕೆಲಸ ಡೆನಿಸ್ ಮೆಡೋಸ್ ಅವರ ನೇತೃತ್ವದ ತಂಡಕ್ಕೆ ಬಂದಿತು. ಗ್ರಂಥಕರ್ತರು ನಾಲ್ವರು: ಡೊನೆಲಾ ಮೆಡೋಸ್, ಡೆನಿಸ್ ಮೆಡೋಸ್, ಯೋರ್ಗನ್ ರಾಂಡರ್ಸ್ ಮತ್ತು ವಿಲಿಯಂ ಬೆಹ್ರೆನ್ಸ್. ಬರವಣಿಗೆಯ ಭಾರವನ್ನು ಹೆಚ್ಚಾಗಿ ಹೊತ್ತವರು ಡೊನೆಲಾ ಮೆಡೋಸ್. ಆ ಶೈಲಿಯ ತಿಳಿಗೆ ನಾವು ಅವರಿಗೇ ಋಣಿಗಳು. ಜನಸಂಖ್ಯೆ, ಕೈಗಾರಿಕಾ ಉತ್ಪನ್ನ, ಆಹಾರ, ಮರಳಿ ಹುಟ್ಟದ ನೈಸರ್ಗಿಕ ಸಂಪತ್ತು, ಮಾಲಿನ್ಯ ಎಂಬ ಐದು ರಾಶಿಗಳು 1900ರಿಂದ 2100ರವರೆಗೆ ಹೇಗೆ ನಡೆದಾವು ಎಂದು ಯಂತ್ರವು ಗೆರೆ ಎಳೆದು ತೋರಿಸಿತು. ಈಗಿನ ಹಾದಿಯಲ್ಲಿಯೇ ಸಾಗಿದರೆ ಮುಂದಿನ ನೂರು ವರ್ಷಗಳೊಳಗೆ ಬೆಳವಣಿಗೆಯು ತನ್ನ ಎಲ್ಲೆಯನ್ನು ಮುಟ್ಟಿ ಕುಸಿಯುವುದು, ಆದರೆ ಹಾದಿಯನ್ನು ಬದಲಿಸಲು ಸಾಧ್ಯ ಎಂಬುದು ನಿರ್ಣಯ. ಎರಡನೆಯ ಭಾಗವನ್ನು ವಾದಿಗಳೂ ಪ್ರತಿವಾದಿಗಳೂ ಮರೆತುದು ಒಂದು ಸ್ವಾರಸ್ಯ.

ಮೊದಲು ಪ್ರತಿವಾದಿಗಳ ಆಕ್ಷೇಪವನ್ನು ನೋಡೋಣ. ಗ್ರಂಥದ ಎರಡನೆಯ ಅಧ್ಯಾಯದಲ್ಲಿ ಖನಿಜಗಳ ಒಂದು ಪಟ್ಟಿಯಿದೆ. ಅಂದಿಗೆ ಗೊತ್ತಿದ್ದ ನಿಕ್ಷೇಪವನ್ನು ಅಂದಿನ ಪ್ರಮಾಣದಲ್ಲಿಯೇ ಬಳಸಿದರೆ ಎಷ್ಟು ವರ್ಷ ಬಂದೀತು, ಬಳಕೆಯು ಚಕ್ರಬಡ್ಡಿಯಂತೆ ಏರುತ್ತ ಹೋದರೆ ಎಷ್ಟು ವರ್ಷ, ನಿಕ್ಷೇಪವು ಐದು ಪಟ್ಟು ಇದ್ದರೆ ಎಷ್ಟು ವರ್ಷ ಎಂದು ಅಲ್ಲಿ ಮೂರು ಅಂಕಣಗಳಿವೆ. ಚಿನ್ನಕ್ಕೆ 11, 9, 29. ಪೆಟ್ರೋಲಿಯಮ್ಮಿಗೆ 31, 20, 50. ತಾಮ್ರಕ್ಕೆ 36, 21, 48. ಇವುಗಳಲ್ಲಿ ನಡುವಣ ಅಂಕಣವನ್ನು ಮಾತ್ರ ಹಿಡಿದು, ‘1981ಕ್ಕೆ ಚಿನ್ನ ಮುಗಿಯಲಿಲ್ಲ, 1992ಕ್ಕೆ ಎಣ್ಣೆ ಮುಗಿಯಲಿಲ್ಲ, ಆದುದರಿಂದ ಗ್ರಂಥ ಸುಳ್ಳು’ ಎಂದು ಆಡಿಕೊಂಡವರು ಅನೇಕರು. ಇದು ನ್ಯಾಯವಾದ ಓದಲ್ಲ. ಪಟ್ಟಿಯು ಏರುವ ಬಳಕೆಯ ವೇಗವನ್ನು ಮನಗಾಣಿಸುವುದಕ್ಕಾಗಿ ಕೊಟ್ಟ ದೃಷ್ಟಾಂತ. ಯಂತ್ರದೊಳಗಿನ ಮಾದರಿಯು 1970ರ ಬಳಕೆಯ ಪ್ರಮಾಣದಲ್ಲಿ 250 ವರ್ಷ ಸಾಲುವಷ್ಟು ಸಂಪತ್ತಿದೆ ಎಂದೇ ಭಾವಿಸಿ ಹೊರಟಿತ್ತು. ಕ್ರೋಮಿಯಮ್ಮಿನ ಸಂಗತಿಯನ್ನು ಗ್ರಂಥಕರ್ತರು ವಿಸ್ತಾರವಾಗಿ ಎತ್ತಿಕೊಂಡಿರುವುದೂ ಇದೇ ಕಾರಣಕ್ಕೆ: 420 ವರ್ಷ ಬರುವಂತೆ ಕಾಣುವ ನಿಕ್ಷೇಪ, ಬಳಕೆ ಏರುತ್ತ ಹೋದರೆ 95 ವರ್ಷಕ್ಕೆ ಇಳಿಯುತ್ತದೆ, ನಿಕ್ಷೇಪವನ್ನು ಐದು ಪಟ್ಟು ಮಾಡಿದರೂ ದೊರೆಯುವುದು 154 ವರ್ಷ ಮಾತ್ರ. ಸಾಲಗಾರರ ಮನೆಯ ಮಕ್ಕಳಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಹಾಗೆಂದು ಪಟ್ಟಿಯನ್ನು ನಾವು ಪೂರ್ತಿಯಾಗಿ ಸಮರ್ಥಿಸಲಾರೆವು. ನಿಕ್ಷೇಪವೆಂಬುದು ಭೂಮಿಯೊಳಗೆ ಎಣಿಸಿಟ್ಟ ಗಂಟಲ್ಲ. ಬೆಲೆ ಏರಿದಂತೆ ಹುಡುಕಾಟ ಹೆಚ್ಚುತ್ತದೆ, ಕೀಳು ದರ್ಜೆಯ ಅದಿರೂ ನಿಕ್ಷೇಪವಾಗುತ್ತದೆ, ಒಂದು ಲೋಹದ ಎಡೆಯಲ್ಲಿ ಇನ್ನೊಂದು ಬರುತ್ತದೆ. ಅರ್ಥಶಾಸ್ತ್ರಜ್ಞ ಜೂಲಿಯನ್ ಸೈಮನ್ ಈ ನಂಬಿಕೆಯ ಮೇಲೆಯೇ 1980ರಲ್ಲಿ ಜೀವಶಾಸ್ತ್ರಜ್ಞ ಪಾಲ್ ಎರ್ಲಿಕ್ ಅವರೊಡನೆ ಪಂಥ ಕಟ್ಟಿದನು. ಕ್ರೋಮಿಯಂ, ತಾಮ್ರ, ನಿಕ್ಕಲ್, ತವರ, ಟಂಗ್‌ಸ್ಟನ್ ಎಂಬ ಐದು ಲೋಹಗಳ ಬೆಲೆ ಹತ್ತು ವರ್ಷಗಳಲ್ಲಿ ಏರುವುದೋ ಇಳಿಯುವುದೋ ಎಂಬುದು ಪಣ. 1990ರಲ್ಲಿ ಎರ್ಲಿಕ್ ಸೋತು 576 ಡಾಲರುಗಳನ್ನು ತೆತ್ತರು. ಬೇರೆ ದಶಕಗಳನ್ನು ಆರಿಸಿಕೊಂಡಿದ್ದರೆ ಫಲ ಬೇರೆಯಾಗಬಹುದಾಗಿತ್ತೆಂದು ಅನಂತರ ಲೆಕ್ಕ ಹಾಕಿದವರಿದ್ದಾರೆ. ಪಂಥದ ಕಥೆ ರಂಜಕವಾಗಿದೆ, ಆದರೆ ಅದು ಮುಖ್ಯವಾದ ಪ್ರಶ್ನೆಯನ್ನು ಮುಟ್ಟುವುದೇ ಇಲ್ಲ. ಕಬ್ಬಿಣವನ್ನು ತೆಗೆದುಕೊಳ್ಳೋಣ. ಗ್ರಂಥದ ಪಟ್ಟಿಯಲ್ಲಿ ಅದು ತೀರ ಸುಭದ್ರವಾದ ಲೋಹಗಳಲ್ಲಿ ಒಂದು: 240 ವರ್ಷ. ಆದರೂ ನಮ್ಮ ಕುದುರೆಮುಖದಲ್ಲಿ ಅದಿರು ತೆಗೆಯುವ ಕೆಲಸ 2005ರ ಕೊನೆಯಲ್ಲಿ ನಿಂತಿತು. ಗುಡ್ಡದಲ್ಲಿ ಅದಿರು ಇನ್ನೂ ಇತ್ತು, ಕೊಳ್ಳುವವರೂ ಇದ್ದರು. ಅಗೆದ ಮಣ್ಣು ಭದ್ರಾ ನದಿಗೆ ಇಳಿಯುತ್ತಿತ್ತು, ಸುತ್ತಲೂ ರಾಷ್ಟ್ರೀಯ ಉದ್ಯಾನದ ಮಳೆಕಾಡಿತ್ತು. ಆದ ಕಾರಣ ಸರ್ವೋಚ್ಚ ನ್ಯಾಯಾಲಯವು 2002ರಲ್ಲಿ ಗಡುವು ಹಾಕಿತು. ಅಂದರೆ, ಎಲ್ಲೆಯು ಕಂಡುಬಂದದ್ದು ಭೂಮಿಯಿಂದ ತೆಗೆಯುವ ವಸ್ತುವಿನ ಕಡೆಯಲ್ಲಿ ಅಲ್ಲ, ತೆಗೆದ ಮೇಲೆ ಉಳಿಯುವ ಕಸವನ್ನು ಸುರಿಯುವ ಕಡೆಯಲ್ಲಿ. ಈ ಭೇದವನ್ನು ಮನಸ್ಸಿನಲ್ಲಿಟ್ಟುಕೊಂಡು ಗ್ರಂಥವನ್ನು ಮತ್ತೆ ಓದಿದರೆ ಅದರ ಸತ್ತ್ವವೆಲ್ಲ ಇನ್ನೊಂದು ಎಡೆಯಲ್ಲಿರುವುದು ಕಾಣುತ್ತದೆ.

ಆ ಎಡೆ ಯಾವುದೆಂದರೆ, ವಿಳಂಬವನ್ನು ಕುರಿತ ವಿವೇಚನೆ. ಇದನ್ನು ಗ್ರಂಥದ ಹೃದಯವೆಂದು ನಾವು ಎಣಿಸುತ್ತೇವೆ. ಡಿ.ಡಿ.ಟಿ. ಎಂಬ ಕೀಟನಾಶಕದ ಒಂದು ಲೆಕ್ಕವನ್ನು ಗ್ರಂಥಕರ್ತರು ಮುಂದಿಡುತ್ತಾರೆ. ಹೊಲಕ್ಕೆ ಎರಚಿದ ಪುಡಿ ಸ್ವಲ್ಪ ಗಾಳಿಗೆ ಏರುತ್ತದೆ, ಸ್ವಲ್ಪ ಮಣ್ಣಿನಲ್ಲಿ ಉಳಿಯುತ್ತದೆ, ಸ್ವಲ್ಪ ಹೊಳೆಗಳ ಮೂಲಕ ಕಡಲನ್ನು ಸೇರುತ್ತದೆ. ಕಡಲಿನ ಸೂಕ್ಷ್ಮಜೀವಿಗಳಿಂದ ಮೀನಿಗೆ, ಮೀನಿನಿಂದ ಅದನ್ನು ತಿನ್ನುವ ಹಕ್ಕಿಗೆ, ಮನುಷ್ಯನಿಗೆ ಹೋಗುತ್ತದೆ. ಈ ಯಾತ್ರೆಯ ಒಂದೊಂದು ಮಜಲಿಗೂ ಕಾಲ ಹಿಡಿಯುತ್ತದೆ. 1970ರಲ್ಲಿ ಪ್ರಪಂಚವು ಎಚ್ಚೆತ್ತು ಡಿ.ಡಿ.ಟಿ. ಬಳಕೆಯನ್ನು ಕ್ರಮಕ್ರಮವಾಗಿ ಇಳಿಸಿ 2000ದ ಹೊತ್ತಿಗೆ ಪೂರ್ತಿಯಾಗಿ ನಿಲ್ಲಿಸಿತು ಎಂದು ಭಾವಿಸಿದರೆ, ಮೀನಿನ ಮೈಯಲ್ಲಿರುವ ವಿಷವು 1970ರಿಂದಲೇ ಇಳಿಯುವುದಿಲ್ಲ. ಇನ್ನೂ ಹತ್ತು ವರ್ಷಗಳಿಗೆ ಮೀರಿ ಏರುತ್ತಲೇ ಹೋಗುತ್ತದೆ, ಮತ್ತು 1970ರಲ್ಲಿದ್ದ ಮಟ್ಟಕ್ಕೆ ಮರಳುವುದು 1995ರಲ್ಲಿ. ತಪ್ಪನ್ನು ಅರಿತು ತಿದ್ದಿಕೊಳ್ಳಲು ಹೊರಟ ದಿನದಿಂದ, ತಪ್ಪು ಆ ದಿನದ ಮಟ್ಟಕ್ಕೇ ಮರಳುವ ದಿನದವರೆಗೆ ಒಂದು ತಲೆಮಾರಿನ ಅಂತರ. ಇದನ್ನು ಓದಿದ ಮೇಲೆ ‘ಕೆಡುಕು ಕಣ್ಣಿಗೆ ಬಿದ್ದಾಗ ನೋಡಿಕೊಂಡರಾಯಿತು’ ಎಂಬ ಲೋಕರೂಢಿಯ ಜಾಣತನ ನಿಲ್ಲುವುದಿಲ್ಲ. ಗ್ರಂಥವು ಪ್ರಕಟವಾದ ಅನಂತರ ನಡೆದ ಓಜೋನ್ ಪದರದ ಕಥೆಯು ಈ ಮಾತಿಗೆ ಬರೆದ ಭಾಷ್ಯದಂತಿದೆ. 1974ರಲ್ಲಿ ಮೊಲೀನಾ ಮತ್ತು ರೋಲಂಡ್ ಎಂಬ ರಸಾಯನಶಾಸ್ತ್ರಜ್ಞರು ಎಚ್ಚರಿಸಿದರು; 1985ರಲ್ಲಿ ದಕ್ಷಿಣಧ್ರುವದ ಮೇಲೆ ಪದರ ಸವೆದುದು ಪ್ರಕಟವಾಯಿತು; 1987ರಲ್ಲಿ ಮಾಂಟ್ರಿಯಲ್ ಒಪ್ಪಂದವಾಯಿತು; ದೋಷಕಾರಕವಾದ ವಸ್ತುಗಳ ತಯಾರಿಕೆ ಬಹುಮಟ್ಟಿಗೆ ನಿಂತೇಹೋಯಿತು. ಲೋಕದ ರಾಷ್ಟ್ರಗಳು ಇಷ್ಟು ಒಮ್ಮತದಿಂದ ಮಾಡಿದ ಕಾರ್ಯ ಇನ್ನೊಂದಿಲ್ಲ. ಆದರೂ ದಕ್ಷಿಣಧ್ರುವದ ಮೇಲಣ ಪದರವು 1980ರ ಸ್ಥಿತಿಗೆ ಮರಳುವುದು ಸುಮಾರು 2066ಕ್ಕೆ ಎಂದು ತಜ್ಞರ ಅಂದಾಜು.

ಇಂಗಾಲಾಮ್ಲ ಅನಿಲದ ವಿಷಯವನ್ನೂ ಇಲ್ಲಿಯೇ ಹೇಳಬೇಕು. ಗ್ರಂಥದಲ್ಲಿ ಹವಾಯಿಯ ಮೌನಾ ಲೋವಾ ಪರ್ವತದ ಮೇಲೆ 1958ರಿಂದ ನಡೆಸಿದ ಅಳತೆಯ ಗೆರೆಯನ್ನು ಕೊಟ್ಟಿದೆ. ವಾಯುವಿನ ಹತ್ತು ಲಕ್ಷ ಭಾಗಗಳಲ್ಲಿ ಅದು ಆಗ ಸುಮಾರು 315 ಭಾಗಗಳಷ್ಟಿತ್ತು. 2000ದ ಹೊತ್ತಿಗೆ ಇದು 380 ಆಗುವುದೆಂದು ಗ್ರಂಥ ಹೇಳಿತು. ಆದುದು ಸುಮಾರು 370. ಅರ್ಧ ಶತಮಾನದ ಹಿಂದಿನ ಒಂದು ಅಂದಾಜಿಗೆ ಇದಕ್ಕಿಂತ ಹೆಚ್ಚಿನ ನಿಖರತೆಯನ್ನು ಯಾರೂ ಕೇಳಲಾರರು. 2024ರ ಸರಾಸರಿಯು 424ನ್ನು ದಾಟಿತು. ಆದರೆ ಇಂಥ ಅಂಕಿಯನ್ನು ಕೈಯಲ್ಲಿ ಹಿಡಿದಿದ್ದ ಗ್ರಂಥಕರ್ತರು ಅದರ ಮೇಲೆ ಎಷ್ಟು ಮಾತನ್ನು ವ್ಯಯಿಸಿದ್ದಾರೆ ಎಂದು ನೋಡಿದರೆ ಆಶ್ಚರ್ಯವಾಗುತ್ತದೆ. ಮುಂದೊಂದು ದಿನ ಅಣುಶಕ್ತಿಯು ಕಲ್ಲಿದ್ದಲು ಎಣ್ಣೆಗಳ ಎಡೆಯಲ್ಲಿ ಬಂದರೆ ಈ ಏರಿಕೆ ನಿಲ್ಲಬಹುದು, ಹವೆಯ ಮೇಲೆ ಪರಿಣಾಮವಾಗುವ ಮೊದಲೇ ನಿಲ್ಲಲೆಂದು ಆಶಿಸೋಣ ಎಂಬರ್ಥದ ಒಂದು ವಾಕ್ಯದಲ್ಲಿ ಅವರು ಅದನ್ನು ದಾಟಿಬಿಡುತ್ತಾರೆ. ಚಿನ್ನ ತವರಗಳಿಗೆ ಪುಟಗಟ್ಟಲೆ ಪಟ್ಟಿ, ಇಂಗಾಲಾಮ್ಲಕ್ಕೆ ಒಂದು ಆಶೆ! ಮುನ್ನೋಟವುಳ್ಳ ಗ್ರಂಥವೂ ತನ್ನ ಕೈಯಲ್ಲಿದ್ದ ಮುಖ್ಯ ಸಂಗತಿಯನ್ನು ಅಮುಖ್ಯವೆಂದು ತಿಳಿಯಬಹುದೆಂಬುದಕ್ಕೆ ಇದು ನಿದರ್ಶನ. ವಿಳಂಬದ ತತ್ತ್ವವನ್ನು ಮೀನಿಗೆ ಅನ್ವಯಿಸಿದವರು ಅದನ್ನೇ ಆಕಾಶಕ್ಕೆ ಅನ್ವಯಿಸಿದ್ದರೆ ಗ್ರಂಥದ ಸ್ವರೂಪವೇ ಬೇರೆಯಾಗುತ್ತಿತ್ತು.

ಇನ್ನು ನಮಗೆ ತೀರ ಮುಖ್ಯವೆಂದು ತೋರುವ ಆಕ್ಷೇಪಕ್ಕೆ ಬರುತ್ತೇವೆ. ಅದು ಅಂಕಿಗಳಿಗೆ ಸೇರಿದುದಲ್ಲ, ಮಾತಿಗೆ ಸೇರಿದುದು.

ಚಕ್ರಬಡ್ಡಿಯ ಬೆಳವಣಿಗೆಯ ಮೋಸವನ್ನು ತಿಳಿಸಲು ಗ್ರಂಥಕರ್ತರು ಫ್ರಾನ್ಸಿನ ಮಕ್ಕಳ ಒಂದು ಒಗಟನ್ನು ಹೇಳುತ್ತಾರೆ. ಕೊಳವೊಂದರಲ್ಲಿ ನೈದಿಲೆ ಬೆಳೆಯುತ್ತಿದೆ, ದಿನಕ್ಕೆ ಎರಡರಷ್ಟಾಗುತ್ತದೆ, ಬಿಟ್ಟರೆ 30 ದಿನಗಳಲ್ಲಿ ಕೊಳವನ್ನೆಲ್ಲ ಮುಚ್ಚಿ ಉಳಿದ ಜೀವಿಗಳನ್ನು ಉಸಿರುಕಟ್ಟಿಸುತ್ತದೆ. ಅರ್ಧ ಕೊಳ ಮುಚ್ಚಿದಾಗ ಕತ್ತರಿಸಿದರಾಯಿತೆಂದು ನೀವು ಸುಮ್ಮನಿದ್ದರೆ, ಆ ಅರ್ಧ ಮುಚ್ಚುವುದು ಯಾವ ದಿನ? 29ನೆಯ ದಿನ. ಉಳಿದಿರುವುದು ಒಂದೇ ದಿನ. ಒಗಟು ಸೊಗಸಾಗಿದೆ, ಕೇಳಿದವರು ಮರೆಯುವುದಿಲ್ಲ, ಗ್ರಂಥದಿಂದ ಕಳಚಿಕೊಂಡು ಅದು ಲೋಕವನ್ನೆಲ್ಲ ಸುತ್ತಿ ಬಂದಿರುವುದೂ ಆ ಸೊಗಸಿನಿಂದಲೇ. ಆದರೆ ಒಗಟಿನ ಮೊದಲ ವಾಕ್ಯದಲ್ಲಿ ಒಂದು ಸಣ್ಣ ಮಾತಿದೆ: ಕೊಳವು ‘ನಿಮ್ಮದು’ ಎಂದು ಅದು ಭಾವಿಸಿಕೊಳ್ಳುತ್ತದೆ. ಕೊಳಕ್ಕೆ ಒಬ್ಬನೇ ಒಡೆಯ. ನೋಡುವವನೂ ಅವನೇ, ಕತ್ತರಿಸುವವನೂ ಅವನೇ, ಕೊಳ ಕೆಟ್ಟರೆ ನಷ್ಟಪಡುವವನೂ ಅವನೇ. ಅವನಲ್ಲಿರುವ ದೋಷವೊಂದೇ, ಲೆಕ್ಕ ಬಾರದುದು. ಇನ್ನು ನೈದಿಲೆಗೆ ಬೆಳೆಯಲು ಯಾವ ಕಾರಣವೂ ಇಲ್ಲ. ಬೆಳೆಯುವುದು ಅದರ ಸ್ವಭಾವ.

ನಮ್ಮ ನಾಡಿನ ಕೆರೆಯ ದಡದಲ್ಲಿ ನಿಂತು ಈ ಒಗಟನ್ನು ಓದಿದವರಿಗೆ ಎರಡು ಭಾವನೆಗಳೂ ಸಂದೇಹಾಸ್ಪದವಾಗಿ ಕಾಣುತ್ತವೆ. ಬೆಂಗಳೂರಿನ ಬೆಳ್ಳಂದೂರು ಕೆರೆಯನ್ನು ಅಂತರಗಂಗೆ ಮುಚ್ಚಿತು. ಕೋಡಿಯಲ್ಲಿ ನೊರೆ ಎದ್ದು ರಸ್ತೆಗೆ ಹಾರಿತು. 2015ರಲ್ಲಿಯೂ 2017ರಲ್ಲಿಯೂ ಕೆರೆಯ ಮೇಲೆ ಬೆಂಕಿಯೇ ಕಾಣಿಸಿಕೊಂಡಿತು. ಅಂತರಗಂಗೆ ತನ್ನ ಸ್ವಭಾವದಿಂದ ಮಾತ್ರ ಅಷ್ಟು ಬೆಳೆಯಲಿಲ್ಲ. ಊರಿನ ಕೊಳಚೆ ಅದಕ್ಕೆ ಗೊಬ್ಬರವಾಯಿತು. ಕೊಳಚೆಯನ್ನು ಹರಿಯಬಿಟ್ಟವರು ಬೇರೆ, ಕೆರೆಯಲ್ಲಿ ಮೀನು ಹಿಡಿಯುತ್ತಿದ್ದವರು ಬೇರೆ, ಕೆರೆಯ ಕೆಳಗೆ ಗದ್ದೆ ಮಾಡುತ್ತಿದ್ದವರು ಬೇರೆ, ಕಳೆ ಕೀಳಿಸಬೇಕಾದ ಅಧಿಕಾರಿಗಳು ಬೇರೆ. ಇವರೆಲ್ಲರಿಗೂ ಲೆಕ್ಕ ಬರುತ್ತದೆ. ಬಡ್ಡಿಯ ಲೆಕ್ಕವನ್ನು ಕಲಿಸುವುದರಿಂದ ಬೆಳ್ಳಂದೂರು ತಿಳಿಯಾಗುವಂತಿದ್ದರೆ ಅದು ಎಂದೋ ಆಗಬೇಕಾಗಿತ್ತು.

ಒಗಟಿನಲ್ಲಿರುವ ಈ ‘ನೀವು’ ಗ್ರಂಥದ ಒಡಲಲ್ಲಿ ‘ಪ್ರಪಂಚ’ ಎಂಬ ಹೆಸರು ತಾಳುತ್ತದೆ. ಪ್ರಪಂಚದ ಜನಸಂಖ್ಯೆ, ಪ್ರಪಂಚದ ಆಹಾರ, ಪ್ರಪಂಚದ ಮಾಲಿನ್ಯ ಎಂದು ಮಾದರಿಯು ಸರಾಸರಿಗಳಲ್ಲಿ ನಡೆಯುತ್ತದೆ. ಮಾಲಿನ್ಯವೆಂಬುದು ಅಲ್ಲಿ ಒಂದೇ ಒಂದು ಅಂಕಿ. 1970ರಲ್ಲಿದ್ದ ಮಟ್ಟವನ್ನು ಒಂದು ಎಂದು ಇಟ್ಟುಕೊಂಡು ಅದರ ಮೇಲೆ ಎಣಿಸಿದುದು. ಅದು ಯಾರ ಹೊಗೆ, ಯಾರ ಮೂಗಿಗೆ ಎಂಬ ಪ್ರಶ್ನೆಗೆ ಆ ಸಮೀಕರಣಗಳಲ್ಲಿ ಎಡೆಯಿಲ್ಲ. ಈಗಿನ ಲೆಕ್ಕದಲ್ಲಿ ಇಂಗಾಲಾಮ್ಲವನ್ನು ಅಮೆರಿಕದ ಒಬ್ಬ ಪ್ರಜೆ ವರ್ಷಕ್ಕೆ ಸುಮಾರು 14 ಟನ್ನುಗಳಷ್ಟು, ಭಾರತದ ಒಬ್ಬ ಪ್ರಜೆ ಸುಮಾರು 2 ಟನ್ನುಗಳಷ್ಟು ಹೊರಹಾಕುತ್ತಾರೆ. ಭಾರತದೊಳಗೂ ಆ 2 ಟನ್ನು ಒಂದು ಸರಾಸರಿಯೇ ಎಂಬುದನ್ನು ನಾವು, ಕಾಲೇಜಿನ ಅಧ್ಯಾಪಕರು, ಮರೆಯಬಾರದು.

ಗ್ರಂಥಕರ್ತರಿಗೆ ಅನ್ಯಾಯವಾಗಬಾರದು. ರಾಷ್ಟ್ರರಾಷ್ಟ್ರಗಳ ನಡುವಣ ಅಂತರವು ಹಿಗ್ಗುತ್ತಿರುವುದನ್ನು ಅವರೇ ಪಟ್ಟಿ ಮಾಡಿ ತೋರಿಸಿದ್ದಾರೆ. ಬೆಳವಣಿಗೆ ನಿಂತ ಸಮಾಜದಲ್ಲಿ, ‘ನಾಳೆ ಎಲ್ಲರಿಗೂ ಸಿಕ್ಕೀತು’ ಎಂದು ಹೇಳಿ ಹಂಚಿಕೆಯ ಪ್ರಶ್ನೆಯನ್ನು ಮುಂದೂಡುವ ಉಪಾಯ ಇಲ್ಲವಾಗುವುದೆಂದು ಕೊನೆಯ ಅಧ್ಯಾಯದಲ್ಲಿ ಹೇಳಿದ್ದಾರೆ. ಇದು ಗ್ರಂಥದ ಅತ್ಯಂತ ದಿಟ್ಟವಾದ ವಿಚಾರ. ಆದರೆ ಇದನ್ನು ಹೇಳಿರುವುದು ಗದ್ಯದಲ್ಲಿ, ಯಂತ್ರದಲ್ಲಿ ಅಲ್ಲ. ಗದ್ಯವು ಅಸಮಾನತೆಯನ್ನು ಬಲ್ಲದು, ಗೆರೆಗಳು ಅರಿಯವು. ಲೋಕವು ಗದ್ಯವನ್ನು ಬಿಟ್ಟು ಗೆರೆಗಳನ್ನು ಹಿಡಿದುಕೊಂಡಿತು.

ಇದರಿಂದ ಏನು ನಷ್ಟವೆಂದು ಕೇಳಬಹುದು. ಜನಸಂಖ್ಯೆಯ ವಿಷಯದಲ್ಲಿ ಆ ನಷ್ಟ ಕಣ್ಣಿಗೆ ಕಟ್ಟುವಂತಿದೆ. ನೈದಿಲೆಯು ತಾನೇ ತಾನಾಗಿ ಬೆಳೆಯುವುದು ಎಂದು ಒಪ್ಪಿದ ಮೇಲೆ, ಕೊಳದ ಒಡೆಯನಿಗೆ ಉಳಿಯುವುದು ಕತ್ತರಿ. 1968ರಲ್ಲಿ ಬಂದ ಎರ್ಲಿಕ್ ಅವರ ‘ಜನಸಂಖ್ಯಾ ಬಾಂಬು’ ದೆಹಲಿಯ ಬೀದಿಯೊಂದರ ಜನಸಂದಣಿಯ ವರ್ಣನೆಯಿಂದಲೇ ಪ್ರಾರಂಭವಾಗುತ್ತದೆ. ತುರ್ತು ಪರಿಸ್ಥಿತಿಯ ಕಾಲದಲ್ಲಿ, 1976–77ರ ಒಂದೇ ವರ್ಷ, ಭಾರತದಲ್ಲಿ 80 ಲಕ್ಷಕ್ಕೂ ಹೆಚ್ಚು ಸಂತಾನಹರಣ ಶಸ್ತ್ರಚಿಕಿತ್ಸೆಗಳು ನಡೆದವು; ಅವುಗಳಲ್ಲಿ ಎಷ್ಟೋ ಬಲಾತ್ಕಾರದವು, ಗುರಿಯಾದವರು ಹೆಚ್ಚಾಗಿ ಬಡವರು. ಅದಕ್ಕೆ ‘ಬೆಳವಣಿಗೆಯ ಎಲ್ಲೆಗಳು’ ಗ್ರಂಥವೇ ಕಾರಣವೆನ್ನುವುದು ಅತಿರೇಕದ ಮಾತು. ಗ್ರಂಥದಲ್ಲಿ ಬಲಾತ್ಕಾರದ ಸಮರ್ಥನೆ ಎಲ್ಲಿಯೂ ಇಲ್ಲ. ಆದರೆ ಯಾವ ಮಾತಿನ ವಾತಾವರಣದಲ್ಲಿ ಅಂಥ ಕಾರ್ಯ ಲೋಕಹಿತವೆಂದು ತೋರಿತೋ ಆ ವಾತಾವರಣಕ್ಕೆ ಕೊಳದ ಒಗಟೂ ತನ್ನ ಪಾಲನ್ನು ಕೊಟ್ಟಿದೆ.

ಮಾದರಿಯ ಒಳಗೆ ನೋಡಿದರೂ ಇದೇ ದೋಷ. ತಲಾ ಕೈಗಾರಿಕಾ ಉತ್ಪನ್ನ ಹೆಚ್ಚಿದರೆ ಜನರು ಬಯಸುವ ಮಕ್ಕಳ ಸಂಖ್ಯೆ ಇಳಿಯುವುದೆಂದು ಅಲ್ಲಿ ಊಹಿಸಿದೆ. ಅಂದರೆ ಸಂತಾನ ಕಡಮೆಯಾಗಲು ಮೊದಲು ಕಾರ್ಖಾನೆಗಳು ಬೇಕು, ಕಾರ್ಖಾನೆಗಳು ಬಂದರೆ ಮಾಲಿನ್ಯ ಬರಬೇಕು. ಬಡರಾಷ್ಟ್ರಗಳ ಪಾಲಿಗೆ ಇದು ಇಕ್ಕಟ್ಟು. ಕೇರಳವು ತೀರ ಅಲ್ಪವಾದ ತಲಾ ಆದಾಯವಿದ್ದಾಗಲೇ ಈ ಇಕ್ಕಟ್ಟಿನಿಂದ ಪಾರಾಯಿತು. ಕರ್ನಾಟಕವೂ 2005–06ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಹೊತ್ತಿಗೆ ಹೆಂಗಸೊಬ್ಬಳಿಗೆ ಎರಡು ಮಕ್ಕಳ ಸರಾಸರಿಗೆ ಬಂದು, 2019–21ರ ಸಮೀಕ್ಷೆಯಲ್ಲಿ 1.7ಕ್ಕೆ ಇಳಿದಿತ್ತು. ಹೆಣ್ಣುಮಕ್ಕಳ ವಿದ್ಯಾಭ್ಯಾಸ, ಹುಟ್ಟಿದ ಮಗು ಬದುಕಿ ಉಳಿಯುವುದೆಂಬ ಭರವಸೆ, ಹತ್ತಿರದಲ್ಲೊಂದು ಆರೋಗ್ಯ ಕೇಂದ್ರ, ಇವುಗಳಿಂದ ಆದ ಕಾರ್ಯ ಇದು. ಪ್ರಪಂಚದ ಜನಸಂಖ್ಯೆ 2000ಕ್ಕೆ 700 ಕೋಟಿಯ ಸುಮಾರಿಗೆ ಏರಬಹುದೆಂದು ಗ್ರಂಥ ಎಣಿಸಿತ್ತು. ಆದುದು ಸುಮಾರು 610 ಕೋಟಿ. ಆ ತೊಂಬತ್ತು ಕೋಟಿಯ ವ್ಯತ್ಯಾಸದಲ್ಲಿ ಮಾದರಿಯು ಕಾಣದೆ ಹೋದ ಹೆಂಗಸರು ಬಹಳ ಮಂದಿ ಇದ್ದಾರೆ.

ಇಂಥ ಆಕ್ಷೇಪಗಳು ಆಗಲೇ ಬಂದಿದ್ದವೆಂಬುದನ್ನೂ ಸ್ಮರಿಸಬೇಕು. ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾನಿಲಯದ ವಿದ್ವಾಂಸರು 1973ರಲ್ಲಿ ಪ್ರಕಟಿಸಿದ ಖಂಡನಗ್ರಂಥದಲ್ಲಿ, ತಾಂತ್ರಿಕ ಜ್ಞಾನವೂ ಜನಸಂಖ್ಯೆಯಂತೆಯೇ ಏರುತ್ತ ಹೋಗುವುದೆಂದು ಭಾವಿಸಿ ಅದೇ ಮಾದರಿಯನ್ನು ನಡೆಸಿ, ಕುಸಿತವು ಇಲ್ಲದಾಗುವುದನ್ನು ತೋರಿಸಿದರು. ಮಾಲ್ಥಸನನ್ನು ಯಂತ್ರದೊಳಗೆ ಹಾಕಿದವರಿಗೆ ಮಾಲ್ಥಸನೇ ಹೊರಗೆ ಬಂದನೆಂಬುದು ಅವರ ವಾದದ ತಿರುಳು. ವಾದ ಚತುರವಾಗಿದೆ, ಆದರೆ ಅದು ಒಂದು ಊಹೆಯ ಎಡೆಯಲ್ಲಿ ಇನ್ನೊಂದನ್ನು ಇಡುವುದಕ್ಕಿಂತ ಮುಂದೆ ಹೋಗುವುದಿಲ್ಲ. ನಮಗೆ ಹೆಚ್ಚು ಗಂಭೀರವೆಂದು ತೋರುವುದು ಅರ್ಜೆಂಟೀನಾದ ಬಾರಿಲೋಚೆ ಸಂಸ್ಥೆಯಲ್ಲಿ ಅಮಿಲ್ಕಾರ್ ಹೆರೆರಾ ಅವರ ನೇತೃತ್ವದಲ್ಲಿ ಸಿದ್ಧವಾಗಿ 1976ರಲ್ಲಿ ಇಂಗ್ಲಿಷಿನಲ್ಲಿ ಬಂದ ಗ್ರಂಥ. ಮುಂದೆ ಬರುವುದೆಂದು ಹೇಳುವ ದುರಂತವು ಮಾನವಕುಲದ ಬಹುಭಾಗಕ್ಕೆ ಈಗಲೇ ಬಂದಿದೆ, ಹಸಿವು ಅಜ್ಞಾನ ಅಕಾಲಮರಣಗಳೇ ಆ ದುರಂತ ಎಂಬ ನೆಲೆಯಿಂದ ಅವರು ಹೊರಟರು. ಪ್ರಪಂಚವನ್ನು ಒಂದಾಗಿ ತೆಗೆದುಕೊಳ್ಳದೆ ಭೂಭಾಗಗಳಾಗಿ ವಿಂಗಡಿಸಿ, ಎಲ್ಲರಿಗೂ ಅನ್ನ, ಮನೆ, ವಿದ್ಯೆ, ಆರೋಗ್ಯ ದೊರೆಯಬೇಕಾದರೆ ಎಷ್ಟು ಕಾಲ ಹಿಡಿದೀತೆಂದು ಕೇಳಿದರು. ಅಡ್ಡಿಯಿರುವುದು ಭೂಮಿಯ ಎಲ್ಲೆಗಳಲ್ಲಿ ಅಲ್ಲ, ಸಮಾಜದ ವ್ಯವಸ್ಥೆಯಲ್ಲಿ ಎಂಬುದು ಅವರ ಉತ್ತರ. ಏಷ್ಯಾ ಖಂಡದ ವಿಷಯದಲ್ಲಿ ಮಾತ್ರ ಆ ಮಾದರಿಯೂ ಆಹಾರದ ಬಳಿ ಮುಗ್ಗರಿಸಿತು. ಇದಕ್ಕೆ ಮತ್ತೆ ಬರುತ್ತೇವೆ.

ಸ್ಟಾಕ್‌ಹೋಮ್ ನಗರದಲ್ಲಿ 1972ರ ಜೂನ್ ತಿಂಗಳಿನಲ್ಲಿ ನಡೆದ ವಿಶ್ವಸಂಸ್ಥೆಯ ಸಮ್ಮೇಳನವನ್ನೂ ಒಂದು ಮಾತಿನಲ್ಲಿ ನೆನೆಯಬೇಕು. ಅಲ್ಲಿ ಇಂದಿರಾ ಗಾಂಧಿಯವರು ಬಡತನವೇ ದೊಡ್ಡ ಮಾಲಿನ್ಯಕಾರಿ ಎಂದು ಘೋಷಿಸಿದರೆಂದು ಪುಸ್ತಕದಿಂದ ಪುಸ್ತಕಕ್ಕೆ ಬರೆದುಕೊಂಡು ಬಂದಿದ್ದಾರೆ. ಭಾಷಣದ ಪಾಠವನ್ನು ನೋಡಿದರೆ ಅದು ಘೋಷಣೆಯಲ್ಲ, ಪ್ರಶ್ನೆ, ಬಡತನದ ಜೊತೆಗೆ ‘ಕೊರತೆ’ಯ ಮಾತೂ ಅಲ್ಲಿದೆ, ಕಾಡಿನ ಅಂಚಿನ ಜನಕ್ಕೆ ಜೀವನೋಪಾಯವನ್ನು ಒದಗಿಸದೆ ಕಾಡನ್ನು ಕೊಳ್ಳೆಹೊಡೆಯಬೇಡಿ ಎನ್ನುವುದು ಹೇಗೆ ಎಂಬ ಸಂದರ್ಭದಲ್ಲಿ ಬಂದ ಪ್ರಶ್ನೆ ಅದು. ಪ್ರಶ್ನೆಯ ಚಿಹ್ನೆಯನ್ನು ಅಳಿಸಿದೊಡನೆ ಬಡವನ ಪರವಾಗಿ ಆಡಿದ ಮಾತು ಬಡವನ ಮೇಲೆ ಹೊರಿಸಿದ ಆರೋಪವಾಯಿತು. ಅದೇ ಪ್ರಧಾನಿಯ ಸರ್ಕಾರ ನಾಲ್ಕು ವರ್ಷಗಳ ಅನಂತರ ಮಾಡಿದುದನ್ನು ಮೇಲೆ ಹೇಳಿದ್ದೇವೆ.

ಈಚೆಗೆ ಗ್ರಂಥಕ್ಕೆ ಒಂದು ಪುನರುಜ್ಜೀವನ ಬಂದಿದೆ. ಆಸ್ಟ್ರೇಲಿಯದ ಗ್ರಹಾಂ ಟರ್ನರ್ 2008ರಲ್ಲಿ, 1970ರಿಂದ 2000ದವರೆಗಿನ ವಾಸ್ತವವಾದ ಅಂಕಿಗಳನ್ನು ಗ್ರಂಥದ ಗೆರೆಗಳ ಮೇಲಿಟ್ಟು, ಹಾದಿಯನ್ನು ಬದಲಿಸದ ಪ್ರಪಂಚದ ಗೆರೆಗೆ ಅವು ಬಹುಮಟ್ಟಿಗೆ ಹೊಂದುತ್ತವೆಂದು ತೋರಿಸಿದರು. ಇದನ್ನು ಕೇಳಿ ‘ಭವಿಷ್ಯವಾಣಿ ಫಲಿಸಿತು’ ಎಂದು ಸಂಭ್ರಮಿಸುವವರು, ಇಂಥದಕ್ಕೂ ಸಂಭ್ರಮಿಸುವವರು ಇದ್ದಾರೆ, ಒಂದು ಸಂಗತಿಯನ್ನು ಗಮನಿಸಬೇಕು. ಆ ಮೂವತ್ತು ವರ್ಷಗಳಲ್ಲಿ ಗ್ರಂಥದ ಗೆರೆಯೂ ಏರುತ್ತಲೇ ಇತ್ತು. ಏರಿಕೆ ಹೊಂದಿತೆಂಬುದು ಸಣ್ಣ ಮಾತಲ್ಲ; ಆದರೆ ಗ್ರಂಥದ ವಿಶೇಷವಾದ ಪ್ರತಿಜ್ಞೆ ಇರುವುದು ಇಳಿಕೆಯಲ್ಲಿ, ಅದರ ಪರೀಕ್ಷೆ ಆ ಹೋಲಿಕೆಯಿಂದ ಆಗುವಂಥದಲ್ಲ.

ಬಾರಿಲೋಚೆಯ ಮಾದರಿ ಏಷ್ಯಾದ ಅನ್ನದ ಮುಂದೆ ಮುಗ್ಗರಿಸಿತೆಂದೆವು. ಭಾರತದ ಮಟ್ಟಿಗೆ ಆ ಮುಗ್ಗಟ್ಟು ಬರಲಿಲ್ಲ: 1970–71ರಲ್ಲಿ ಸುಮಾರು 10.8 ಕೋಟಿ ಟನ್ನುಗಳಷ್ಟಿದ್ದ ಆಹಾರಧಾನ್ಯದ ಬೆಳೆ 2022–23ರಲ್ಲಿ ಸುಮಾರು 33 ಕೋಟಿ ಟನ್ನುಗಳಾಯಿತು. ಉತ್ತ ನೆಲ ಅಷ್ಟು ಹೆಚ್ಚಲಿಲ್ಲ. ಹೆಚ್ಚಿದುದು ಬೀಜ, ಗೊಬ್ಬರ, ನೀರು. ಆ ನೀರಿನ ದೊಡ್ಡ ಪಾಲು ನೆಲದೊಳಗಿನಿಂದ ಬಂದುದು. ಪಂಜಾಬಿನಲ್ಲಿ ಮಳೆಯು ವರ್ಷವರ್ಷವೂ ಒಳಗಿಳಿಸುವುದರ ಒಂದೂವರೆಪಟ್ಟಿಗೂ ಹೆಚ್ಚನ್ನು ಮೇಲೆತ್ತುತ್ತಿದ್ದಾರೆ. ನಮ್ಮ ಕೋಲಾರ ಜಿಲ್ಲೆಯಲ್ಲಿ ತೆರೆದ ಬಾವಿಗಳು ಬತ್ತಿ, ಕೊಳವೆಬಾವಿಗಳು ಸಾವಿರ ಅಡಿಗಳನ್ನು ಮೀರಿ ಹೋಗಿವೆ. ಎಲ್ಲೆಯೂ ಇಲ್ಲಿದೆ, ವಿಳಂಬವೂ ಇಲ್ಲಿದೆ: ಪಂಪು ನಡೆಯುತ್ತಿರುವವರೆಗೆ ಬೆಳೆಯ ಅಂಕಿ ಏರುತ್ತಲೇ ಇರುತ್ತದೆ, ನೀರು ಇಳಿಯುತ್ತಿರುವುದು ಬೆಳೆಯಲ್ಲಿ ಕಾಣುವುದಿಲ್ಲ. ಇಷ್ಟರಮಟ್ಟಿಗೆ 1972ರ ಗ್ರಂಥ ನಮಗೆ ದಾರಿ ತೋರುತ್ತದೆ. ಆದರೆ ಕೊಳದ ಒಡೆಯನನ್ನು ಹುಡುಕಹೊರಟರೆ ಅದು ಸುಮ್ಮನಾಗುತ್ತದೆ. 1882ರ ಅನುಭೋಗದ ಹಕ್ಕುಗಳ ಶಾಸನವು ಒಬ್ಬನ ನೆಲದ ಕೆಳಗೆ ಗೊತ್ತಾದ ಕಾಲುವೆಯಿಲ್ಲದೆ ಇರುವ ನೀರನ್ನು ಎತ್ತಿಕೊಳ್ಳುವ ಹಕ್ಕನ್ನು ಆ ನೆಲದ ಒಡೆಯನಿಗೇ ಕೊಟ್ಟಿತು. ಕರ್ನಾಟಕವು 2011ರಲ್ಲಿ ಅಂತರ್ಜಲವನ್ನು ಕುರಿತು ಬೇರೆ ಶಾಸನ ಮಾಡಿ, ಗೊತ್ತುಪಡಿಸಿದ ತಾಲ್ಲೂಕುಗಳಲ್ಲಿ ಬಾವಿ ಕೊರೆಯಲು ಅಪ್ಪಣೆ ಬೇಕೆಂದಿತು. ನೆಲದ ಮೇಲೆ ಬೇಲಿಗಳಿವೆ. ಕೆಳಗೆ ನೀರು ಒಂದೇ. ಎರಡು ಎಕರೆಯ ರೈತನೊಬ್ಬ ಸಾಲ ಮಾಡಿ ತನ್ನ ಮೂರನೆಯ ಕೊಳವೆಬಾವಿಯನ್ನು ಕೊರೆಯಿಸುವಾಗ, ಪಕ್ಕದ ತೋಟದವನು ಇನ್ನೂ ನೂರು ಅಡಿ ಆಳಕ್ಕೆ ಇಳಿದಿರುವುದು ಅವನಿಗೆ ಗೊತ್ತಿರುತ್ತದೆ. ತಾನು ನಿಲ್ಲಿಸಿದರೆ ಉಳಿದ ನೀರು ಯಾರ ಪಾಲಾಗುವುದೆಂಬುದೂ ಗೊತ್ತಿರುತ್ತದೆ.